ಎಫ್1 ಒತ್ತುವವರು, ಕ್ಯಾಬಿನೆಟ್ ಬಿಚ್ಚುವವರು: ತುಮಕೂರಿನ ಕಂಪ್ಯೂಟರ್‌ಗಳ ಮುಂದೆ ಎರಡು ಬಗೆಯ ಜನ

ತುಮಕೂರು ಜಿಲ್ಲೆಯ ಯಾವುದೇ ತಾಲ್ಲೂಕು ಕಚೇರಿಯ ಎದುರಿಗೆ ಹೋಗಿ ನೋಡಿ, ನಾಲ್ಕಾರು ಆನ್‌ಲೈನ್ ಸೇವಾ ಕೇಂದ್ರಗಳಿರುತ್ತವೆ. ಬೆಳಿಗ್ಗೆ ಕಂಪ್ಯೂಟರ್ ಹಾಕಿದೊಡನೆ ಕೆಲವು ಕಡೆ ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬರುತ್ತದೆ. ಕೂತವರು ಅದನ್ನು ಓದುವುದಿಲ್ಲ, ಎಫ್1 ಒತ್ತುತ್ತಾರೆ. ವಿಂಡೋಸ್ ತೆರೆದ ಮೇಲೆ ಮೂಲೆಯ ಗಡಿಯಾರ ತಿದ್ದುತ್ತಾರೆ. ತಿದ್ದದಿದ್ದರೆ ಸೇವಾ ಸಿಂಧು ತೆರೆಯದು ಎಂಬುದು ಅನುಭವದಿಂದ ಗೊತ್ತು. ಕೆಲಸಕ್ಕೆ ಹೊಸಬರು ಸೇರಿದರೆ ಮೊದಲ ದಿನದ ಪಾಠವೂ ಇದೇ: ಮೊದಲು ಎಫ್1, ಆಮೇಲೆ ಟೈಮು, ಆಮೇಲೆ ಕ್ರೋಮ್.

ಅದೇ ಪರದೆಯ ಮುಂದೆ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಬಿಡಿಭಾಗ ತಂದು ತಾನೇ ಕಂಪ್ಯೂಟರ್ ಜೋಡಿಸಿಕೊಂಡ ಎಂಜಿನಿಯರಿಂಗ್ ಹುಡುಗ ನಿಂತರೆ ಅವನ ಕಣ್ಣು ಮೊದಲು ಬೀಳುವುದು ಆ ಎರಡು ಸಾಲಿನ ಮೇಲೆ. ಸೀಮಾಸ್ ಬ್ಯಾಟರಿ ಸೋತಿದೆ ಎಂದು ಅವನಿಗೆ ಕೂಡಲೇ ಗೊತ್ತಾಗುತ್ತದೆ.

ಮದರ್‌ಬೋರ್ಡ್ ಮೇಲೆ ನಾಣ್ಯದ ಗಾತ್ರದ, ಸಿಆರ್2032 ಎಂಬ 3 ವೋಲ್ಟ್ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಇದರ ಕೆಲಸ. ಹಳೆಯ ಬೋರ್ಡ್‌ಗಳಲ್ಲಿ ಬಯೋಸ್‌ನ, ಅಂದರೆ ವಿಂಡೋಸ್‌ಗೂ ಮುಂಚೆ ಎದ್ದು ಯಂತ್ರವನ್ನು ಸಿದ್ಧಪಡಿಸುವ ತಂತ್ರಾಂಶದ, ಸೆಟ್ಟಿಂಗ್‌ಗಳನ್ನು ಹಿಡಿದಿಡುವುದೂ ಇದೇ. ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ ಬೋರ್ಡ್‌ಗೆ ಸಣ್ಣದಾಗಿ ಕರೆಂಟ್ ಬರುತ್ತಲೇ ಇರುತ್ತದೆ, ಬ್ಯಾಟರಿ ದಣಿಯುವುದಿಲ್ಲ. ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸಿ ಬಾಗಿಲು ಹಾಕುವ ಅಂಗಡಿಗಳಲ್ಲಿ ಅದು ಬೇಗ ಸೋಲುವುದು ಇದೇ ಕಾರಣಕ್ಕೆ. ಸೋತ ಮೇಲೆ ದಿನಾಂಕ ಬೋರ್ಡ್ ತಯಾರಾದ ಕಾಲದ ಯಾವುದೋ ವರ್ಷಕ್ಕೆ ಹಿಂದೆ ಓಡುತ್ತದೆ. ಪ್ರತಿಯೊಂದು ಸುರಕ್ಷಿತ ಜಾಲತಾಣಕ್ಕೂ ಒಂದು ಪ್ರಮಾಣಪತ್ರವಿರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ತಾನಿನ್ನೂ 2015ರಲ್ಲೇ ಇದ್ದೇನೆ ಎಂದುಕೊಂಡಿರುವ ಕಂಪ್ಯೂಟರ್‌ಗೆ ಈ ವರ್ಷದ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲದಂತೆ ಕಾಣುತ್ತದೆ. ಹಾಗಾಗಿ ತಾಣ ಸುರಕ್ಷಿತವಲ್ಲ ಎಂದು ತಡೆಯುತ್ತದೆ. ವಿಂಡೋಸ್ ತಾನೇ ಸಮಯ ಸರಿಪಡಿಸಿಕೊಳ್ಳಬಾರದೇ? ಸಾಮಾನ್ಯ ಸೆಟ್ಟಿಂಗ್‌ನಲ್ಲಿ ವ್ಯತ್ಯಾಸ 15 ಗಂಟೆ ಮೀರಿದರೆ ಅದು ತಾನಾಗಿ ಕೈಹಾಕುವುದಿಲ್ಲ. ಕೂತವರಿಗೆ ಕಾಣುವುದು ಮಾತ್ರ ‘ನೆಟ್ ಹೋಗಿದೆ’ ಎಂದು, ಬೈಗುಳ ಕೇಬಲ್‌ನವನಿಗೆ.

ಸರಿಪಡಿಸಲು ಹತ್ತು ನಿಮಿಷ ಸಾಕು. ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಬೇಕು. ಪಕ್ಕದ ಬಾಗಿಲು ತೆಗೆದು, ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ, ಬ್ಯಾಟರಿಯ ಪಕ್ಕದ ಸಣ್ಣ ಕ್ಲಿಪ್ ತಳ್ಳಿದರೆ ಹಳೆಯದು ತಾನೇ ಮೇಲೇಳುತ್ತದೆ. ಹೊಸದನ್ನು ಕೂಡು ಚಿಹ್ನೆ ಮೇಲೆ ಬರುವಂತೆ ಕೂರಿಸಿ, ಬಯೋಸ್‌ಗೆ ಹೋಗಿ ದಿನಾಂಕ ಹಾಕಿ ಸೇವ್ ಮಾಡಿದರೆ ಮುಗಿಯಿತು. ಗಡಿಯಾರದ ಅಂಗಡಿಯಲ್ಲೂ ಸಿಗುವ ಬ್ಯಾಟರಿ ಅದು.

ಬದಲಿಸದೆ ಎಫ್1 ಒತ್ತುತ್ತಲೇ ಹೋದರೆ ಮುಂದೆ ಆಗಬಹುದಾದದ್ದು ಭಯ ಹುಟ್ಟಿಸುವಂಥದ್ದು. ಹಳೆಯ ಬೋರ್ಡ್‌ನಲ್ಲಿ ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಮರಳಿದಾಗ ಡಿಸ್ಕ್ ಓದುವ ಬಗೆಯೂ ಎಎಚ್‌ಸಿಐಯಿಂದ ಐಡಿಇಗೋ ರೇಡ್‌ಗೋ ಬದಲಾಗಬಹುದು. ಆಗ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಬಯೋಸ್‌ನಲ್ಲಿ ಒಂದು ಸಾಲು ಹಿಂದಕ್ಕೆ ಬದಲಿಸಿದರೆ ಸರಿಹೋಗುವ ತೊಂದರೆ. ಆದರೆ ‘ವಿಂಡೋಸ್ ಹೋಗಿದೆ’ ಎಂದು ರಿಪೇರಿಗೆ ಹೋದ ಯಂತ್ರವನ್ನು ಆತುರದಲ್ಲಿ ಫಾರ್ಮ್ಯಾಟ್ ಮಾಡಿದರೆ ವರ್ಷಗಳ ಕಡತ ಅಲ್ಲಿಗೆ ಕಳೆದುಹೋಯಿತು.

ಹಾಗಾದರೆ ಎಫ್1 ಒತ್ತುವವರು ದಡ್ಡರೇ? ಖಂಡಿತ ಅಲ್ಲ. ಈ ಎರಡು ಬಗೆಯ ಜನರ ನಡುವಿನ ಅಂತರವನ್ನು ತಿಳಿವಳಿಕೆಯ ಅಂತರ ಎಂದು ಹೇಳಿ ಕೈತೊಳೆದುಕೊಳ್ಳುವುದು ತಪ್ಪು. ನಿಜವಾದ ಅಂತರವಿರುವುದು ಕೆಟ್ಟರೆ ಯಾರ ಗಂಟು ಹೋಗುತ್ತದೆ ಎಂಬುದರಲ್ಲಿ. ಟೆಕ್ ಆಸಕ್ತನ ಬಳಿ ಇನ್ನೊಂದು ಲ್ಯಾಪ್‌ಟಾಪ್ ಇದೆ, ಬೂಟ್ ಆಗುವ ಪೆನ್‌ಡ್ರೈವ್ ಇದೆ, ಭಾನುವಾರ ಪೂರ್ತಿ ಬಿಡುವಿದೆ. ಕೆಟ್ಟರೆ ಕಲಿಯುತ್ತಾನೆ. ಸೇವಾ ಕೇಂದ್ರದವರ ಬಳಿ ಇರುವುದು ಒಂದೇ ಯಂತ್ರ. ಹೊರಗೆ ಸಿಇಟಿ ಅರ್ಜಿಯ ಕೊನೆಯ ದಿನದ ಸಾಲು. ಹಿಂದಕ್ಕೆ ಬರುವ ದಾರಿ ಇಲ್ಲದವರು ಹೊಸ ದಾರಿ ತುಳಿಯದಿರುವುದು ವಿವೇಕವೇ. ಈ ಲೆಕ್ಕ ಮರೆತು ಆಸಕ್ತರು ಕೊಡುವ ಸಲಹೆಗಳು ಎಷ್ಟೇ ಸರಿಯಾಗಿದ್ದರೂ ಅಂಗಡಿಯಲ್ಲಿ ಮುರಿದು ಬೀಳುತ್ತವೆ. ವಿಂಡೋಸ್ 10ರ ವಿಷಯದಲ್ಲಿ ಇದು ಢಾಳಾಗಿ ಕಾಣುತ್ತದೆ.

ವಿಂಡೋಸ್ 10 ಮುಗಿಯಿತು, ಮುಂದೇನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ದಿನಬಳಕೆಯವರಲ್ಲಿ ಕೆಲವರು ಕಂಪ್ಯೂಟರ್ ಅವತ್ತೇ ನಿಂತುಹೋಗುತ್ತದೆ ಎಂದುಕೊಂಡರು, ನಿಲ್ಲದ್ದು ನೋಡಿ ಸುದ್ದಿಯೇ ಸುಳ್ಳು ಎಂದುಕೊಂಡರು. ಎರಡೂ ಸರಿಯಲ್ಲ. ಯಂತ್ರ ಓಡುತ್ತದೆ, ಹೊಸದಾಗಿ ಪತ್ತೆಯಾಗುವ ಭದ್ರತಾ ತೂತುಗಳಿಗೆ ತೇಪೆ ಬರುವುದಿಲ್ಲ, ಅಷ್ಟೇ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ಗೆ ವೈರಸ್ ಗುರುತುಗಳ ಪಟ್ಟಿಯನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಆದರೆ ಅದು ಬಾಗಿಲ ಬಳಿ ಕಾವಲುಗಾರ ಇದ್ದಂತೆ. ಗೋಡೆಯ ಬಿರುಕು ಮುಚ್ಚುವ ಕೆಲಸ ಅದರದ್ದಲ್ಲ.

ವಿಂಡೋಸ್ 11ಕ್ಕೆ ಏರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಲೇ ಯಂತ್ರ ಏಳುವಂತೆ ನೋಡಿಕೊಳ್ಳುವ) ಸಾಮರ್ಥ್ಯ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಇರಬೇಕು. 2016–17ರಲ್ಲಿ ಕೊಂಡ 6 ಮತ್ತು 7ನೇ ತಲೆಮಾರಿನ ಐ3, ಐ5 ಲ್ಯಾಪ್‌ಟಾಪ್‌ಗಳು ಇಲ್ಲೇ ಹೊರಗುಳಿಯುವುದು. ಅರ್ಹ ಯಂತ್ರವೂ ಕೆಲವೊಮ್ಮೆ ಅನರ್ಹ ಎಂದು ತೋರಿಸುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಎಂದು ಹೊಡೆದಾಗ ಚಿಪ್ ಸಿಗಲಿಲ್ಲ ಎಂದು ಬಂದರೆ ಹೊಸ ಕಂಪ್ಯೂಟರ್ ಕೊಳ್ಳಲು ಓಡಬೇಡಿ. ಬಹಳ ಸಲ ಅದು ಬಯೋಸ್‌ನಲ್ಲಿ ಆರಿರುತ್ತದೆ. ಇಂಟೆಲ್ ಬೋರ್ಡ್‌ಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಅನರ್ಹ ಯಂತ್ರದ ಮುಂದೆ ಎರಡು ಬಗೆಯ ಜನ ಎರಡು ದಾರಿ ಹಿಡಿಯುತ್ತಾರೆ. ಆಸಕ್ತ ‘ರೂಫಸ್’ ಎಂಬ ಉಚಿತ ತಂತ್ರಾಂಶದಲ್ಲಿ ಟಿಪಿಎಂ ತಪಾಸಣೆ ತೆಗೆದುಹಾಕಿದ ಪೆನ್‌ಡ್ರೈವ್ ಮಾಡಿ ವಿಂಡೋಸ್ 11 ಹಾಕಿಬಿಡುತ್ತಾನೆ. ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ತೊಂದರೆ ಶುರುವಾಗುವುದು ವರ್ಷದ ನಂತರ. ಇಂಥ ಯಂತ್ರಗಳಿಗೆ ತಿಂಗಳ ತೇಪೆಗಳು ಸಾಮಾನ್ಯವಾಗಿ ಬಂದರೂ ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ಮತ್ತೆ ಪೆನ್‌ಡ್ರೈವ್ ಮಾಡಿ ಕೈಯಾರೆ ಏರಿಸಬೇಕು. ವಿಂಡೋಸ್ 11ರ 23ಎಚ್2 ಆವೃತ್ತಿಯ ಹೋಮ್ ಮತ್ತು ಪ್ರೋಗಳಿಗೆ ಬೆಂಬಲ 2025ರ ನವೆಂಬರ್ 11ಕ್ಕೇ ಮುಗಿದಿದೆ. ಅಂದರೆ ಅದನ್ನು ಹಾಕಿಸಿಕೊಂಡು ಹಾಗೇ ಬಿಟ್ಟವರು ವಿಂಡೋಸ್ 10ರಲ್ಲಿ ಇದ್ದವರಿಗಿಂತ ಸುರಕ್ಷಿತರೇನೂ ಅಲ್ಲ. ಅದೂ ಅಲ್ಲದೆ, 24ಎಚ್2ರಿಂದ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಎಂಬ ಆಜ್ಞಾಗುಚ್ಛ ಇರಲೇಬೇಕು. ಹಳೆಯ ಕೋರ್ 2 ಡ್ಯುಯೊ ಯಂತ್ರಗಳಲ್ಲಿ ಯಾವ ಉಪಾಯವೂ ನಡೆಯದು. ಆಸಕ್ತನಿಗೆ ವರ್ಷಕ್ಕೊಮ್ಮೆ ಈ ಕೆಲಸ ಮಾಡುವುದು ಹಬ್ಬ. ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ಲೆಕ್ಕ ಬರೆಯುವವರು ಅದನ್ನು ನೆನಪಿಟ್ಟುಕೊಂಡು ಮಾಡುತ್ತಾರೆಂದು ನಂಬುವುದು ಹೇಗೆ?

ಅವರಿಗೆ ಹೊಂದುವ ದಾರಿ ಬೇರೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸ್ 10ಕ್ಕೆ ವಿಸ್ತರಿತ ಭದ್ರತಾ ತೇಪೆಗಳ ಯೋಜನೆ, ಇಎಸ್‌ಯು, ಮನೆಬಳಕೆಯವರಿಗೂ ಇದೆ. ಪ್ರಕಟಿಸಿರುವ ಗಡುವು 2026ರ ಅಕ್ಟೋಬರ್ 13. ಮೊದಲು 22ಎಚ್2 ಆವೃತ್ತಿ ಇದೆಯೇ ನೋಡಿಕೊಳ್ಳಿ, ಬಾಕಿ ಅಪ್‌ಡೇಟ್ ಎಲ್ಲ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಅಂಡ್ ಸೆಕ್ಯೂರಿಟಿ, ಅದರೊಳಗೆ ವಿಂಡೋಸ್ ಅಪ್‌ಡೇಟ್‌ಗೆ ಹೋದರೆ ‘ಎನ್‌ರೋಲ್ ನೌ’ ಎಂಬ ಕೊಂಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆ ಕಡ್ಡಾಯ. ವಿಂಡೋಸ್ ಬ್ಯಾಕಪ್‌ನಲ್ಲಿ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಒಪ್ಪದವರು ರಿವಾರ್ಡ್ಸ್‌ನ 1,000 ಅಂಕ ಅಥವಾ 30 ಡಾಲರ್ ತೆರಬೇಕು. ಇದರಲ್ಲಿ ರೋಮಾಂಚನವೇನಿಲ್ಲ, ಆಸಕ್ತರ ಹರಟೆಯಲ್ಲಿ ಇದರ ಮಾತೇ ಬರುವುದಿಲ್ಲ. ಆದರೆ ನಾಳೆ ಬೆಳಿಗ್ಗೆ ಅಂಗಡಿ ತೆರೆದಾಗ ಎಲ್ಲವೂ ನಿನ್ನೆಯಂತೆಯೇ ಇರುತ್ತದೆ. ದಿನಬಳಕೆಯವರಿಗೆ ಬೇಕಾದದ್ದು ಅದೇ.

ಬೀಗದ ಕೈ ಯಾರ ಬಳಿ?

ವಿಂಡೋಸ್ 11 ಹೊಸದಾಗಿ ಹಾಕಿಸುವವರು ಒಂದು ವಿಷಯದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಇರಬೇಕು. 24ಎಚ್2ರಿಂದ ಈಚೆಗೆ, ಹೊಸದಾಗಿ ಅಳವಡಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ, ಬೇಕಾದ ಸೌಲಭ್ಯವಿರುವ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಬೀಗದ ಕೈ 48 ಅಂಕಿಗಳ ಒಂದು ಸಂಖ್ಯೆ, ಅದು ಆ ಖಾತೆಯೊಳಗೆ ಜಮೆಯಾಗುತ್ತದೆ. ಲ್ಯಾಪ್‌ಟಾಪ್ ಕಳುವಾದರೂ ಒಳಗಿನದು ಯಾರಿಗೂ ಸಿಗದಿರಲಿ ಎಂಬ ಒಳ್ಳೆಯ ಉದ್ದೇಶ. ಆದರೆ ರಿಪೇರಿಯವರು ಬೇಗ ಮುಗಿಯಲಿ ಎಂದು ತಮ್ಮದೇ ಮೇಲ್ ವಿಳಾಸದಿಂದ ಖಾತೆ ತೆರೆದು ಕೊಟ್ಟಿದ್ದರೆ ಬೀಗದ ಕೈಯೂ ಅವರ ಖಾತೆಯಲ್ಲೇ ಕೂತಿರುತ್ತದೆ. ಯಾವತ್ತೋ ಒಬ್ಬ ಆಸಕ್ತ ಸ್ನೇಹಿತ ಬಯೋಸ್ ಅಪ್‌ಡೇಟ್ ಮಾಡುತ್ತಾನೆ ಅಥವಾ ಟಿಪಿಎಂ ಆರಿಸಿ ಹಾಕುತ್ತಾನೆ. ಯಂತ್ರ ಯಾರೋ ತನ್ನನ್ನು ಬಿಚ್ಚಿದ್ದಾರೆಂದು ಶಂಕಿಸಿ ನೀಲಿ ಪರದೆಯಲ್ಲಿ ಆ 48 ಅಂಕಿ ಕೇಳುತ್ತದೆ. ಕೊಡಲಾಗದಿದ್ದರೆ ಅದರೊಳಗಿನ ಪಹಣಿ ಪ್ರತಿಗಳು, ಮಕ್ಕಳ ಫೋಟೊ, ಜಿಎಸ್‌ಟಿ ಲೆಕ್ಕ, ಯಾವುದೂ ಯಾರ ಕೈಗೂ ಸಿಗದು. ಕೈ ಸಿಕ್ಕದ ಡಿಸ್ಕನ್ನು ಮೈಕ್ರೋಸಾಫ್ಟ್ ಕೂಡ ತೆರೆದು ಕೊಡಲಾಗದು.

ಆದ್ದರಿಂದ ಖಾತೆ ನಿಮ್ಮ ಮೇಲ್ ವಿಳಾಸದ್ದೇ ಆಗಿರಲಿ, ನಿಮ್ಮ ಫೋನ್ ಸಂಖ್ಯೆಯೇ ಇರಲಿ. ಖಾತೆಯ ಡಿವೈಸಸ್ ಪುಟದಲ್ಲಿ ರಿಕವರಿ ಕೀ, ಅಂದರೆ ಆ 48 ಅಂಕಿ, ನೋಡಿ ಕಾಗದಕ್ಕೆ ಇಳಿಸಿ, ಮನೆ ಪತ್ರಗಳ ಜೊತೆ ಇಡಿ. ಬಯೋಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ ಎಂಬ ಈ ಡಿಸ್ಕ್ ಬೀಗವನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು ಆಸಕ್ತನ ಹೊಣೆ. ಅದನ್ನು ಮರೆಯುವವರು ಇನ್ನೊಬ್ಬರ ಯಂತ್ರ ಮುಟ್ಟಬಾರದು.

ಲಿನಕ್ಸ್ ಹಾಕಿಬಿಡಿ ಎನ್ನುವವರಿಗೆ

ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿ ಎಂಬುದು ಆಸಕ್ತರ ಮೆಚ್ಚಿನ ಸಲಹೆ. ಉಚಿತ, ಹಗುರ, ತೇಪೆಗಳಿಗೆ ಬರವಿಲ್ಲ. ಬ್ರೌಸರ್, ಮೇಲ್, ಲೆಕ್ಕದ ಹಾಳೆಯಲ್ಲೇ ಕೆಲಸ ಮುಗಿಯುವ ಮನೆಗಳಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಆದರೆ ಜೆರಾಕ್ಸ್ ಅಂಗಡಿಯ ಮೇಜಿನ ಮೇಲೇನಿದೆ ಎಂದು ನೋಡಬೇಕು. ಕ್ಯಾನನ್ ಎಲ್‌ಬಿಪಿ 2900 ಇರಬಹುದು, ಎಚ್‌ಪಿ 1020 ಇರಬಹುದು. ವರ್ಷಗಟ್ಟಲೆ ಸಾವಿರಾರು ಹಾಳೆ ಉಗುಳಿದ ಗಟ್ಟಿ ಯಂತ್ರಗಳು. ಕ್ಯಾನನ್‌ನದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ, ಲಿನಕ್ಸ್‌ನಲ್ಲಿ ಅದರ ಡ್ರೈವರ್ ಕೂರಿಸುವುದು ದೊಡ್ಡ ತಲೆನೋವು. ಎಚ್‌ಪಿ 1020ಗೆ ಪ್ರತಿ ಸಲ ಹಾಕಿದಾಗಲೂ ಕಂಪ್ಯೂಟರ್‌ನಿಂದ ಫರ್ಮ್‌ವೇರ್, ಅಂದರೆ ಪ್ರಿಂಟರ್‌ನೊಳಗೆ ಓಡುವ ತಂತ್ರಾಂಶ, ತುಂಬಬೇಕು. ಅದಕ್ಕೆ ಎಚ್‌ಪಿಯ ಪ್ಲಗಿನ್ ಹಾಕದಿದ್ದರೆ ಪ್ರಿಂಟರ್ ಕಂಡರೂ ಹಾಳೆ ಬರುವುದಿಲ್ಲ. ಬೆರಳಚ್ಚು ಯಂತ್ರವಿದ್ದರೆ ಇನ್ನೂ ಕಷ್ಟ. ಆಧಾರ್ ದೃಢೀಕರಣಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೇ ಸಿಗುವುದು. ಅದು ಅದೇ ಕಂಪ್ಯೂಟರ್‌ನೊಳಗೆ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲೊಂದರಲ್ಲಿ (ತಂತ್ರಾಂಶಗಳು ಮಾತಾಡಿಕೊಳ್ಳುವ ಸಂಖ್ಯೆಯಿಟ್ಟ ಬಾಗಿಲುಗಳಲ್ಲೊಂದರಲ್ಲಿ) ಕಾದು ಕೂತಿರುತ್ತದೆ, ಬ್ರೌಸರ್ ಅಲ್ಲಿಗೆ ಹೋಗಿ ಬೆರಳಚ್ಚು ಕೇಳುತ್ತದೆ. ವಿಂಡೋಸ್‌ನಲ್ಲೇ ಆಸಕ್ತರು ‘ಅನಗತ್ಯ ಸೇವೆಗಳನ್ನು’ ತೆಗೆಯುವ ಸ್ಕ್ರಿಪ್ಟ್ ಓಡಿಸಿದಾಗಲೋ ಹೊಸ ಆಂಟಿವೈರಸ್ ಆ ಪೋರ್ಟ್ ಮುಚ್ಚಿದಾಗಲೋ ಯಂತ್ರದ ದೀಪ ಉರಿದರೂ ಜಾಲತಾಣ ‘ಡಿವೈಸ್ ಸಿಗಲಿಲ್ಲ’ ಎನ್ನುವುದು ಇದರಿಂದ.

ಕನ್ನಡದ ವಿಷಯ ಇನ್ನೂ ಸೂಕ್ಷ್ಮ. ಮದುವೆ ಕಾಗದ, ಗೃಹಪ್ರವೇಶದ ಕರೆಯೋಲೆ, ಜಾತ್ರೆಯ ಕರಪತ್ರ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪುಟ ಜೋಡಿಸುವ ಪೇಜ್‌ಮೇಕರ್ ಇದೆ, ಜೊತೆಗೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳು. ‘ಇನ್ನೂ ಇದೇಕೆ, ಯೂನಿಕೋಡ್‌ಗೆ ಬನ್ನಿ’ ಎಂದು ಆಸಕ್ತ ಹೇಳುವುದು ತತ್ತ್ವಕ್ಕೆ ನೂರಕ್ಕೆ ನೂರು ಸರಿ. ಕನ್ನಡ ಹುಡುಕಲು ಸಿಗಬೇಕು, ಫೋನಿನಲ್ಲಿ ಓದಲು ಬರಬೇಕು, ನಾಳೆಗೂ ಉಳಿಯಬೇಕು ಎಂದರೆ ಯೂನಿಕೋಡ್ ಒಂದೇ ದಾರಿ. ಆದರೆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ತಿಳಿಯದು. ಆಸ್ಕಿ ಅಕ್ಷರವೆಂದರೆ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ ಕಾಣುವುದು ಇದಕ್ಕೇ. ಪರಿವರ್ತಕ ತಂತ್ರಾಂಶಗಳಿವೆ, ಬರೀ ಕನ್ನಡವಿದ್ದರೆ ಬಹುಮಟ್ಟಿಗೆ ಚೆನ್ನಾಗಿ ಮಾಡುತ್ತವೆ. ಕನ್ನಡದ ನಡುವೆ ಇಂಗ್ಲಿಷ್ ಪದವೋ ಮೇಲ್ ವಿಳಾಸವೋ ಇದ್ದರೆ, ಎರಡಕ್ಕೂ ಒಳಗಿನ ಸಂಕೇತ ಒಂದೇ ಆದ್ದರಿಂದ, ಅದನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತವೆ. ಅರ್ಕಾವತ್ತು ಬಂದ ಕಡೆ ಮತ್ತೊಮ್ಮೆ ಕಣ್ಣಾಡಿಸಬೇಕು. ಹತ್ತು ವರ್ಷದ ಕಡತಗಳನ್ನು ಹೀಗೆ ತಿದ್ದಲು ಯಾವ ಅಂಗಡಿಗೂ ಬಿಡುವಿಲ್ಲ. ನಡೆಯಬಲ್ಲ ದಾರಿ ಇದು: ಹಳೆಯ ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿ ಪೇಜ್‌ಮೇಕರ್‌ಗೆಂದೇ ಇಡುವುದು, ಹೊಸ ಕೆಲಸವನ್ನೆಲ್ಲ ಹೊಸ ಯಂತ್ರದಲ್ಲಿ ಯೂನಿಕೋಡ್‌ನಲ್ಲಿ ಮಾಡುವುದು, ಗ್ರಾಹಕರಿಗೆ ಯಾವಾಗಲೂ ಫಾಂಟ್ ಸೇರಿಸಿದ ಪಿಡಿಎಫ್ ಕೊಡುವುದು.

ಎಲ್ಲಿ ಆಸಕ್ತರ ಮಾತು ಕೇಳಲೇಬೇಕು

ಒಂದು ಬದಲಾವಣೆಯ ಬಗ್ಗೆ ಮಾತ್ರ ಚರ್ಚೆ ಬೇಡ: ಹಾರ್ಡ್ ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕುವುದು. ಲ್ಯಾಪ್‌ಟಾಪ್‌ನ 5,400 ಸುತ್ತಿನ ಹಾರ್ಡ್ ಡಿಸ್ಕ್ ಚಿಕ್ಕ ಚಿಕ್ಕ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಹುಡುಕಿ ಓದಬಲ್ಲದು. ಸಾಧಾರಣ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಾರು ಸಲ ಮಾಡುತ್ತದೆ. ವಿಂಡೋಸ್ ತೆರೆಯಲು ಐದು ನಿಮಿಷ ಕಾಯುತ್ತಿದ್ದವರು ಅರ್ಧ ನಿಮಿಷಕ್ಕೆ ಕೆಲಸ ಶುರುಮಾಡಬಹುದು. ಬದಲಿಸುವ ಮುಂಚೆ ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ಓಡಿಸಿ ಹಳೆಯ ಡಿಸ್ಕಿನ ಆರೋಗ್ಯ ನೋಡಿ. 05 ಮತ್ತು ಸಿ5 ಎಂಬ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು ಹಳದಿ ಬಣ್ಣ ತೋರಿಸಿದರೆ ಡಿಸ್ಕಿನಲ್ಲಿ ಸತ್ತ, ಸಾಯುತ್ತಿರುವ ಜಾಗಗಳಿವೆ. ಅಂಥದನ್ನು ಇಡಿಯಾಗಿ ಕ್ಲೋನ್ ಮಾಡಲು ಹೊರಟರೆ ಆ ಜಾಗದಲ್ಲಿ ಗಂಟೆಗಟ್ಟಲೆ ಒದ್ದಾಡಿ ಪೂರ್ತಿ ನಿಂತುಹೋಗಬಹುದು. ಮೊದಲು ಮುಖ್ಯ ಕಡತಗಳನ್ನು ಹೊರಗೆ ತೆಗೆಯಿರಿ, ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿಯೇ ಹಾಕಿಸಿ. ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಎತ್ತಿಡಿ; ಮರೆತುಹೋದ ಒಂದು ಫೋಲ್ಡರ್ ಅದರಲ್ಲೇ ಇರುತ್ತದೆ.

ಬೆಲೆಯ ಮಾತು ಈಗ ಹಿಂದಿನಂತಿಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಪ್ರಕಟಿಸಿತು. ‘16 ಜಿಬಿಗೆ ಏರಿಸಿ’ ಎಂದು ಸಲೀಸಾಗಿ ಹೇಳುವ ಮುಂಚೆ ಆಸಕ್ತರು ಇದನ್ನು ಗಮನಿಸಲಿ. ಅರ್ಜಿ ತುಂಬಿ ಪ್ರಿಂಟ್ ತೆಗೆಯುವ ಯಂತ್ರಕ್ಕೆ 8 ಜಿಬಿ ಸಾಕು. ಎಂಟು ವರ್ಷದ ಲ್ಯಾಪ್‌ಟಾಪ್‌ಗೆ ಅದರ ಬೆಲೆಗಿಂತ ಹೆಚ್ಚು ಸುರಿದರೆ ಮೂಗಿಗಿಂತ ಮೂಗುತಿ ಭಾರ. ಕೊಳ್ಳುವುದೇ ಆದರೆ ಹಳೆಯ ರ‍್ಯಾಮ್ ಪಟ್ಟಿಯ ಮೇಲಿನ ಚೀಟಿ ಓದಿ: ಡಿಡಿಆರ್3ಎಲ್ 1.35 ವೋಲ್ಟ್‌ನದು, ಡಿಡಿಆರ್4 1.2 ವೋಲ್ಟ್‌ನದು, ಕಚ್ಚಿನ ಜಾಗವೂ ಬೇರೆ. ಒತ್ತಿ ಕೂರಿಸಿದರೆ ಸ್ಲಾಟ್ ಮುರಿಯುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ದಿನಬಳಕೆಯವರಿಗಿರುವ ಎಚ್ಚರ ಆಸಕ್ತರಿಗೆ ಇರುವುದಿಲ್ಲ. ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದು, ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಚುಚ್ಚುವವರಿದ್ದಾರೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದಾದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿ. ಹೊಸದಿದ್ದಾಗ ಒಂದು ಕಂಪ್ಯೂಟರ್ ಮತ್ತು ಮಾನಿಟರನ್ನು ಕಾಲು ಗಂಟೆ ಹಿಡಿದೀತು, ಎರಡು-ಮೂರು ವರ್ಷಕ್ಕೆ ಸೋಲುತ್ತದೆ. ಲೇಸರ್ ಪ್ರಿಂಟರನ್ನು ಅದಕ್ಕೆ ಸೇರಿಸಲೇಬೇಡಿ. ಹಾಳೆಗೆ ಶಾಯಿಪುಡಿ ಕರಗಿಸುವ ಬಿಸಿ ಉರುಳೆ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ, ಯುಪಿಎಸ್ ಕಿರುಚಿ ಕಂಪ್ಯೂಟರನ್ನೂ ಆರಿಸುತ್ತದೆ.

‘ಅಪ್‌ಡೇಟ್ ಹಾಕಿದರೆ ಕಂಪ್ಯೂಟರ್ ಕೆಡುತ್ತದೆ’ ಎಂಬ ನಂಬಿಕೆಯ ಬೇರೂ ಬಹುಪಾಲು ಕರೆಂಟಿನಲ್ಲೇ ಇದೆ. ರಾತ್ರಿ ಎಂಟೂವರೆಗೆ ಶಟ್‌ಡೌನ್ ಒತ್ತಿದಾಗ ಅಪ್‌ಡೇಟ್ ಶುರುವಾಗುತ್ತದೆ, ಬಾಗಿಲು ಹಾಕುವ ಹೊತ್ತು, ಮೇನ್ ಆರಿಸಿ ಹೊರಡುತ್ತಾರೆ. ಅರ್ಧ ಬರೆದ ಕಡತಗಳೊಂದಿಗೆ ಯಂತ್ರ ಬೆಳಿಗ್ಗೆ ಏಳುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಂಗಡಿಯ ಸಮಯವನ್ನು ಆಕ್ಟಿವ್ ಅವರ್ಸ್ ಎಂದು ಹಾಕಿ, ವಾರಕ್ಕೊಮ್ಮೆ ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ನೀವೇ ಅಪ್‌ಡೇಟ್ ಒತ್ತಿ, ಕರೆಂಟ್ ಇರುವಾಗ ಮುಗಿಸಿ.

ಇಷ್ಟಾದ ಮೇಲೆ ಆಸಕ್ತರು ಅಂಗಡಿಗೆ ಬಂದರೆ ಸ್ಕ್ರೂಡ್ರೈವರ್‌ಗಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಈ ಯಂತ್ರ ಎರಡು ದಿನ ನಿಂತರೆ ನಡೆಯುತ್ತದೆಯೇ? ಇದರಲ್ಲಿರುವುದರ ಇನ್ನೊಂದು ಪ್ರತಿ ಎಲ್ಲಿದೆ? ಯಾವ ಪ್ರಿಂಟರ್, ಯಾವ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಯಾವ ಡಿಎಸ್‌ಸಿ ಟೋಕನ್ ಇದಕ್ಕೆ ಸೇರಿಕೊಂಡಿದೆ? ಇನ್ನೊಂದು ಪ್ರತಿ ಇಲ್ಲ ಎಂದರೆ ಅವತ್ತಿನ ಕೆಲಸ ಅದೊಂದೇ, ಹೊರಗಿನ ಡಿಸ್ಕಿಗೆ ಪ್ರತಿ ತೆಗೆದು ವೈರ್ ಬಿಡಿಸಿ ಬೀರುವಿನಲ್ಲಿಡುವುದು. ಸದಾ ಸಿಕ್ಕಿಸಿಯೇ ಇಟ್ಟ ಡಿಸ್ಕನ್ನು, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಮೊದಲ ದಿನವೇ ತಿಂದುಹಾಕುತ್ತದೆ. ದಿನಬಳಕೆಯವರು ತಾವೇ ಮಾಡಿಕೊಳ್ಳಬಹುದಾದದ್ದೂ ಒಂದಿದೆ: ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಮೇಲೆ ಗುರುತು ಹಾಕುವುದು. ಕಡತದ ಬಾಲ ಮರೆಯಾಗಿದ್ದಾಗ ಪಿಡಿಎಫ್‌ನಂತೆ ಕಾಣುವ ಆಹ್ವಾನ ಪತ್ರಿಕೆ, ಬಾಲ ಕಂಡಾಗ ‘ಇಎಕ್ಸ್‌ಇ’ ಎಂದು ಬಯಲಾಗುತ್ತದೆ.

ಕೊನೆಗೆ ಕ್ಯಾಬಿನೆಟ್‌ನ ಪಕ್ಕಕ್ಕೆ ಒಂದು ಚೀಟಿ ಅಂಟಿಸಿ. ಸೀಮಾಸ್ ಬ್ಯಾಟರಿ ಬದಲಿಸಿದ ತಿಂಗಳು, ಎಸ್‌ಎಸ್‌ಡಿ ಹಾಕಿದ ದಿನ, ಯುಪಿಎಸ್ ಬ್ಯಾಟರಿಯ ವರ್ಷ, ಖಾತೆಯ ಮೇಲ್ ವಿಳಾಸ, ಇಎಸ್‌ಯು ಮುಗಿಯುವ ದಿನ. ಪಾಸ್‌ವರ್ಡ್ ಮತ್ತು ಆ 48 ಅಂಕಿಗಳನ್ನು ಮಾತ್ರ ಅದರ ಮೇಲೆ ಬರೆಯಬೇಡಿ. ಮುಂದಿನ ಸಲ ಯಂತ್ರ ಕೆಟ್ಟಾಗ ಬಂದವರು ಯಾರೇ ಆಗಿರಲಿ, ಮೊದಲು ಓದುವುದು ಆ ಚೀಟಿಯನ್ನು.